ಸೋಯಾ ಮಾತ್ರೆ ಮತ್ತು ಮುಟ್ಟು ನಿಂತ ಮೊದಲ ಐದು ವರ್ಷ: ಮಿಯಾಮಿಯ ಒಂದು ಪ್ರಯೋಗ

ಮುಟ್ಟು ನಿಂತವರಿಗೆ ಅಂತಲೇ ಮಾಡಿದ ಸಸ್ಯಮೂಲದ ಮಾತ್ರೆಗಳು ಈಗ ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆಗೇ ಬರುತ್ತವೆ. ಅವುಗಳಲ್ಲಿ ಜಾಸ್ತಿ ಹೆಸರು ಮಾಡಿದ್ದು ಸೋಯಾ ಐಸೊಫ್ಲೇವೋನ್, ಅಂದರೆ ಸೋಯಾ ಕಾಳಿನಲ್ಲಿರುವ, ಹೆಣ್ಣು ಹಾರ್ಮೋನನ್ನು ಹೋಲುವ ವಸ್ತು. ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು ಕಡಿಮೆಯಾಗುತ್ತದೆ, ಮೂಳೆ ಟೊಳ್ಳಾಗುವುದು ನಿಲ್ಲುತ್ತದೆ, ಹಾರ್ಮೋನ್ ಮಾತ್ರೆಯ ಅಪಾಯವೂ ಇಲ್ಲ ಅನ್ನುವುದು ಮಾರುವವರ ಮಾತು. ಈ ಮಾತು ಎಷ್ಟು ನಿಜ ಅಂತ ಎರಡು ವರ್ಷ ಅಳೆದು ನೋಡಿದ ಪ್ರಯೋಗ ಒಂದಿದೆ. ನಡೆದದ್ದು ಅಮೆರಿಕದ ಮಿಯಾಮಿಯಲ್ಲಿ, ಡಾ. ಸಿಲ್ವಿನಾ ಲೆವಿಸ್ ಅವರ ಮುಂದಾಳತ್ವದಲ್ಲಿ. ಫಲಿತಾಂಶ ಪ್ರಕಟವಾದದ್ದು 2011ರಲ್ಲಿ. ಅದನ್ನು ಚಿಕ್ಕದಾಗಿ 'ಸ್ಪೇರ್' ಪ್ರಯೋಗ ಅಂತಾರೆ.

ಇಂಥ ಮಾತ್ರೆಗಳ ಬಗ್ಗೆ ಹೆಂಗಸರು ಸಾಮಾನ್ಯವಾಗಿ ಕೇಳುವುದು "ತೊಂದರೆ ಏನೂ ಇಲ್ಲ ತಾನೆ?" ಅಂತ. ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಜೊತೆ ಇನ್ನೊಂದನ್ನೂ ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ: ಈ ಮಾತ್ರೆ ನಂಬಿ ಸುಮ್ನೆ ಇದ್ದಷ್ಟು ದಿನ ನನ್ನ ಮೂಳೆ ಏನಾಗುತ್ತಿರುತ್ತದೆ? ಸ್ಪೇರ್ ಪ್ರಯೋಗದಲ್ಲಿ ಈ ಎರಡನೆಯ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಸಿಕ್ಕಿದೆ.

ಹಿನ್ನೆಲೆ

2002ರ ಜುಲೈ ತನಕ ಅಮೆರಿಕದಲ್ಲಿ ಮುಟ್ಟು ನಿಂತ ಹೆಂಗಸರಿಗೆ ಹಾರ್ಮೋನ್ ಮಾತ್ರೆ ಬರೆದುಕೊಡುವುದು ತೀರಾ ಮಾಮೂಲಿ ಸಂಗತಿಯಾಗಿತ್ತು. ಆ ತಿಂಗಳು 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹೆಣ್ಣು ಹಾರ್ಮೋನುಗಳನ್ನು ಸೇರಿಸಿದ ಮಾತ್ರೆಯನ್ನು ಅದರಲ್ಲಿ 16,608 ಹೆಂಗಸರ ಮೇಲೆ ಪರೀಕ್ಷಿಸುತ್ತಿದ್ದರು. ಸರಾಸರಿ 5.2 ವರ್ಷದ ನಂತರ ಸಿಕ್ಕ ಲೆಕ್ಕ ಹೀಗಿತ್ತು: ವರ್ಷಕ್ಕೆ 10,000 ಹೆಂಗಸರಲ್ಲಿ ಸ್ತನ ಕ್ಯಾನ್ಸರ್ 8 ಜಾಸ್ತಿ, ಪಾರ್ಶ್ವವಾಯು 8 ಜಾಸ್ತಿ, ಹೃದಯಾಘಾತದಂಥ ತೊಂದರೆ 7 ಜಾಸ್ತಿ. ಸೊಂಟದ ಮೂಳೆ ಮುರಿತ ಮಾತ್ರ 5 ಕಡಿಮೆ.

ಟೀವಿ, ಪೇಪರಿನಲ್ಲಿ ಮೊದಲಿನ ಅಂಕಿಗಳು ಅಬ್ಬರಿಸಿದವು. ಮೂಳೆಗೆ ಆದ ಲಾಭ ಯಾರ ಕಿವಿಗೂ ಬೀಳಲಿಲ್ಲ. ಇನ್ನೊಂದು ಮುಖ್ಯ ವಿಷಯವೂ ಮರೆಯಾಯಿತು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಆಗಷ್ಟೇ ಮುಟ್ಟು ನಿಂತ 48-50ರ ಹೆಂಗಸಿಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ ಅನ್ನುವುದು ಆಮೇಲಿನ ವಿಶ್ಲೇಷಣೆಗಳಿಂದ ಸ್ಪಷ್ಟವಾಯಿತು. ಅಷ್ಟರಲ್ಲಿ ಲಕ್ಷಾಂತರ ಜನ ಮಾತ್ರೆ ಬಿಟ್ಟಾಗಿತ್ತು. ಬಿಟ್ಟವರಿಗೆ ರಾತ್ರಿ ಬೆವರು ವಾಪಸ್ ಬಂತು, ನಿದ್ದೆ ಹೋಯಿತು. ಅವರಿಗೆ ಬೇರೇನಾದರೂ ಬೇಕಿತ್ತು. ಸೋಯಾ ಆಗಲೇ ಅಂಗಡಿಯಲ್ಲಿ ಸಿದ್ಧವಾಗಿ ಕೂತಿತ್ತು. ಸೋಯಾ ಪ್ರೋಟೀನ್ ಹೃದಯಕ್ಕೆ ಒಳ್ಳೆಯದು ಅಂತ ಲೇಬಲ್ ಮೇಲೆ ಬರೆಯಲು ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಒಪ್ಪಿಗೆ ಕೊಟ್ಟಿತ್ತು.

ಸೋಯಾದ ಮೇಲೆ ಇಷ್ಟು ನಂಬಿಕೆ ಯಾಕೆ ಬಂತು?

ಗಿಡದಲ್ಲೂ ಈಸ್ಟ್ರೋಜನ್ ತರಹದ್ದು ಇರುತ್ತದೆ ಅನ್ನುವುದು ಗೊತ್ತಾದದ್ದು ಕುರಿಗಳಿಂದ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುರಿಗಳು ಗಬ್ಬ ಕಟ್ಟುವುದನ್ನೇ ನಿಲ್ಲಿಸಿದವು. ಹುಡುಕಿದರೆ ಕಾರಣ ಮೇವಿನಲ್ಲಿತ್ತು. ಅವು ಮೇಯುತ್ತಿದ್ದ ಕ್ಲೋವರ್ ಸೊಪ್ಪಿನಲ್ಲಿದ್ದ ಒಂದು ಅಂಶ ಹೊಟ್ಟೆಯಲ್ಲಿ ಈಕ್ವಾಲ್ ಎಂಬ ವಸ್ತುವಾಗಿ ಬದಲಾಗಿ, ಹೆಣ್ಣು ಹಾರ್ಮೋನಿನ ಹಾಗೆ ಕೆಲಸ ಮಾಡುತ್ತಿತ್ತು. ಸೋಯಾ ಕಾಳಿನಲ್ಲಿರುವ ಡೈಡ್ಜೀನ್, ಜೆನಿಸ್ಟೀನ್ ಎಂಬ ಐಸೊಫ್ಲೇವೋನ್‌ಗಳೂ ಇದೇ ಕುಟುಂಬದವು. ಅವುಗಳ ಆಕಾರ ಈಸ್ಟ್ರೋಜನ್‌ಗೆ ಹೋಲುತ್ತದೆ. ಆದರೆ ಶಕ್ತಿ ತುಂಬಾ ಕಡಿಮೆ. 1996ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ದೇಹದಲ್ಲಿ ಎರಡನೇ ಬಗೆಯ ಈಸ್ಟ್ರೋಜನ್ ಗ್ರಾಹಕವನ್ನು, ಅಂದರೆ ಜೀವಕೋಶದಲ್ಲಿ ಈಸ್ಟ್ರೋಜನ್ ಹೋಗಿ ಕೂರುವ ಜಾಗವನ್ನು, ಕಂಡುಹಿಡಿದರು. ಅದಕ್ಕೆ ಬೀಟಾ ಅಂತ ಹೆಸರು. ಜೆನಿಸ್ಟೀನ್‌ಗೆ ಈ ಬೀಟಾ ಮೇಲೇ ಒಲವು ಜಾಸ್ತಿ ಅಂತ ತಿಳಿದಾಗ ಆಸೆ ಇನ್ನೂ ಚಿಗುರಿತು. ಸ್ತನ, ಗರ್ಭಕೋಶವನ್ನು ಕೆಣಕದೆ ಮೂಳೆಯನ್ನಷ್ಟೇ ಕಾಯುವ ವಸ್ತು ಸಿಕ್ಕಿತು ಅಂದುಕೊಂಡರು.

ಜೊತೆಗೆ ಜಪಾನಿನ ಉದಾಹರಣೆ ಇತ್ತು. ಅಲ್ಲಿನ ಹೆಂಗಸರು ಮೈ ಬಿಸಿಯಾಗುವ ಬಗ್ಗೆ ಅಷ್ಟಾಗಿ ಹೇಳುವುದಿಲ್ಲ, ಅವರಲ್ಲಿ ಸೊಂಟದ ಮುರಿತವೂ ಕಡಿಮೆ, ಅವರು ದಿನಾ ತೋಫು, ಮಿಸೋ ತಿನ್ನುತ್ತಾರೆ. ಮೂರನ್ನೂ ಸೇರಿಸಿದರೆ ಸೋಯಾದ ಗೆಲುವಿನ ಹಾಗೆ ಕಾಣುತ್ತದೆ. ಆದರೆ ಜಪಾನಿನ ಹೆಂಗಸರ ಬೆನ್ನುಮೂಳೆ ಮುರಿತ ಪಶ್ಚಿಮದವರಿಗಿಂತ ಕಡಿಮೆಯೇನಿಲ್ಲ. ಸೊಂಟದ ಮುರಿತ ಕಡಿಮೆ ಇರುವುದರಲ್ಲಿ ಅವರ ತೊಡೆಮೂಳೆಯ ಕತ್ತು ಚಿಕ್ಕದಾಗಿರುವುದರ ಪಾತ್ರವೂ ಇದೆ. ಇದನ್ನು ಡಬ್ಬಿ ಮಾರುವವರು ಹೇಳಲಿಲ್ಲ.

ಪ್ರಯೋಗ ಹೇಗೆ ನಡೆಯಿತು?

2004ರ ಜುಲೈಯಿಂದ 2009ರ ಮಾರ್ಚ್ ತನಕ ಪ್ರಯೋಗ ನಡೆಯಿತು. 45ರಿಂದ 60 ವರ್ಷದ 248 ಹೆಂಗಸರು ಸೇರಿದರು. ಎಲ್ಲರದ್ದೂ ಮುಟ್ಟು ನಿಂತು ಐದು ವರ್ಷದ ಒಳಗೆ. ಈ ಷರತ್ತನ್ನು ಗಮನಿಸಬೇಕು. ಮೂಳೆ ಅತಿ ವೇಗವಾಗಿ ಕರಗುವುದು ಇದೇ ಅವಧಿಯಲ್ಲಿ.

ಮೂಳೆ ಒಮ್ಮೆ ಕಟ್ಟಿ ಮುಗಿದ ಕಂಬ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಹಾಗಿಲ್ಲ. ಅಲ್ಲಿ ಯಾವಾಗಲೂ ಮನೆ ರಿಪೇರಿ ನಡೆಯುತ್ತಿರುತ್ತದೆ. ಹಳೇ ಗೋಡೆ ಕೆಡವುವ ಜೀವಕೋಶಗಳು ಒಂದು ಕಡೆ, ಹೊಸದನ್ನು ಕಟ್ಟುವ ಜೀವಕೋಶಗಳು ಇನ್ನೊಂದು ಕಡೆ. ಕೆಡವುವವರನ್ನು ಹದ್ದುಬಸ್ತಿನಲ್ಲಿ ಇಡುವುದು ಈಸ್ಟ್ರೋಜನ್. ಅಂಡಾಶಯ ಅದನ್ನು ಮಾಡುವುದು ನಿಲ್ಲಿಸಿದ ಮೇಲೆ ಕೆಡವುವುದು ಜಾಸ್ತಿಯಾಗುತ್ತದೆ, ಕಟ್ಟುವವರು ಹಿಂದೆ ಬೀಳುತ್ತಾರೆ. ಮೊದಲ ಐದಾರು ವರ್ಷದಲ್ಲಿ ಮೂಳೆಯ ಸಾಂದ್ರತೆ ಶೇ. 10ರ ಆಸುಪಾಸು ಇಳಿಯುತ್ತದೆ. ಕೆಲವರಲ್ಲಿ ಇನ್ನೂ ಜಾಸ್ತಿ. ಆಮೇಲೆ ವೇಗ ತಗ್ಗುತ್ತದೆ. ನೋವಿಲ್ಲ, ಬಾವಿಲ್ಲ. ಗೊತ್ತಾಗುವುದು ಬಚ್ಚಲಿನಲ್ಲಿ ಜಾರಿ ಮಣಿಕಟ್ಟು ಮುರಿದಾಗ, ಇಲ್ಲವೇ ಬೆನ್ನು ಬಾಗಿ ಎತ್ತರ ಕುಗ್ಗಿದಾಗ.

ಸೇರಿದವರಲ್ಲಿ 122 ಮಂದಿಗೆ ಸೋಯಾ ಮಾತ್ರೆ, 126 ಮಂದಿಗೆ ಮದ್ದೇ ಇಲ್ಲದ ಪ್ಲಸೀಬೊ ಮಾತ್ರೆ. ಯಾರಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಮೂಳೆ ಆಗಲೇ ತೀರಾ ತೆಳುವಾಗಿದ್ದವರನ್ನು, ಅಂದರೆ ಮೂಳೆಯ ಸಾಂದ್ರತೆ ಹೇಳುವ ಟಿ-ಸ್ಕೋರ್ ಎಂಬ ಅಂಕಿ ಮೈನಸ್ 2ಕ್ಕಿಂತ ಕೆಳಗಿದ್ದವರನ್ನು, ಸೇರಿಸಿಕೊಳ್ಳಲಿಲ್ಲ. ಅದು ಸರಿಯಾದ ನಿರ್ಧಾರ. ಅಂಥವರಿಗೆ ಎರಡು ವರ್ಷ ಬರೀ ಪ್ಲಸೀಬೊ ಕೊಡುವುದು ತಪ್ಪಾಗುತ್ತಿತ್ತು.

ಸೋಯಾ ಮಾತ್ರೆಯ ಪ್ರಮಾಣ ದಿನಕ್ಕೆ 200 ಮಿಲಿಗ್ರಾಂ ಐಸೊಫ್ಲೇವೋನ್. ಜಪಾನಿನಲ್ಲಿ ಊಟದಿಂದ ಸಿಗುವುದು ಸಾಮಾನ್ಯವಾಗಿ 25ರಿಂದ 50 ಮಿಲಿಗ್ರಾಂ. ಏಷ್ಯಾದ ಊಟದಲ್ಲಿ ಅತಿ ಹೆಚ್ಚು ಸೋಯಾ ತಿನ್ನುವವರಿಗೆ ಸಿಗುವುದಕ್ಕಿಂತಲೂ ಈ 200 ಸುಮಾರು ಎರಡರಷ್ಟು. ಹಾಗಾಗಿ "ಡೋಸ್ ಸಾಕಾಗಲಿಲ್ಲ" ಅಂತ ಆಮೇಲೆ ಹೇಳುವ ಹಾಗಿರಲಿಲ್ಲ.

ಅಳತೆ ಮಾಡಿದ್ದು ಡೆಕ್ಸಾ ಸ್ಕ್ಯಾನ್‌ನಿಂದ. ನೋಡದವರಿಗಾಗಿ ಹೇಳುವುದಾದರೆ, ಒಂದು ಮೇಜಿನ ಮೇಲೆ ಅಂಗಾತ ಮಲಗಿಸುತ್ತಾರೆ. ಸೊಂಟ, ಬೆನ್ನಿನ ಮೇಲೆ ಯಂತ್ರದ ತೋಳು ನಿಧಾನವಾಗಿ ಹಾದುಹೋಗುತ್ತದೆ. ಕಾಲು ಗಂಟೆಯೊಳಗೆ ಮುಗಿಯುತ್ತದೆ. ಸೂಜಿಯಿಲ್ಲ, ನೋವಿಲ್ಲ, ಎಕ್ಸ್-ರೇ ಪ್ರಮಾಣವೂ ತುಂಬಾ ಕಡಿಮೆ. ಆಮೇಲೆ ಬರುವ ಕಾಗದದಲ್ಲಿ ಟಿ-ಸ್ಕೋರ್ ಅಂತ ಒಂದು ಅಂಕಿ ಇರುತ್ತದೆ. ಆರೋಗ್ಯವಾಗಿರುವ ಯುವತಿಯ ಮೂಳೆಗೆ ಹೋಲಿಸಿದರೆ ನಿಮ್ಮದು ಎಷ್ಟು ಕೆಳಗಿದೆ ಅನ್ನುವ ಲೆಕ್ಕ ಅದು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ.

ಬಂದ ಫಲಿತಾಂಶ

ಎರಡು ವರ್ಷದ ನಂತರ ಸೋಯಾ ತಿಂದವರ ಬೆನ್ನುಮೂಳೆಯ ಸಾಂದ್ರತೆ ಶೇ. 2.0 ಇಳಿದಿತ್ತು. ಪ್ಲಸೀಬೊ ತಿಂದವರದ್ದು ಶೇ. 2.3. ಸೊಂಟದಲ್ಲಿ 1.2 ಮತ್ತು 1.4. ತೊಡೆಮೂಳೆಯ ಕತ್ತಿನಲ್ಲಿ 2.2 ಮತ್ತು 2.1. ಲೆಕ್ಕಶಾಸ್ತ್ರದ ಪ್ರಕಾರ ಯಾವ ಜಾಗದಲ್ಲೂ ವ್ಯತ್ಯಾಸವಿಲ್ಲ. ಮೂಳೆ ಮುರಿದರೆ ಹಾಸಿಗೆ ಹಿಡಿಸುವ ತೊಡೆಯ ಕತ್ತಿನಲ್ಲಂತೂ ಎರಡೂ ಗುಂಪು ಒಂದೇ ಸಮ ಕಳೆದುಕೊಂಡಿದ್ದವು.

ಮೈ ಬಿಸಿಯಾಗುವ ವಿಷಯದಲ್ಲಿ ಬಂದದ್ದು ಯಾರೂ ಎಣಿಸಿರದ ಉತ್ತರ. ಸೋಯಾ ಗುಂಪಿನಲ್ಲಿ ಶೇ. 48.4 ಹೆಂಗಸರಿಗೆ ಆ ತೊಂದರೆ ಇತ್ತು. ಪ್ಲಸೀಬೊ ಗುಂಪಿನಲ್ಲಿ ಶೇ. 31.7. ಅಂದರೆ ಯಾವುದಕ್ಕಾಗಿ ಮಾತ್ರೆ ಮಾರುತ್ತಾರೋ ಅದೇ ತೊಂದರೆ ಮಾತ್ರೆ ತಿಂದವರಲ್ಲಿ ಜಾಸ್ತಿ. ಮಲಬದ್ಧತೆಯೂ ಸೋಯಾ ಗುಂಪಿನಲ್ಲಿ ಶೇ. 31.2, ಪ್ಲಸೀಬೊದಲ್ಲಿ 20.6.

ಇಲ್ಲಿ ಸ್ವಲ್ಪ ತಡೆದು ಓದಬೇಕು. ಸೋಯಾದಿಂದ ಮೈ ಬಿಸಿ ಹೆಚ್ಚುತ್ತದೆ ಅಂತ ಈ ಒಂದು ಅಂಕಿಯಿಂದ ತೀರ್ಮಾನ ಮಾಡಲಾಗದು. ಸ್ಪೇರ್ ಯೋಜಿಸಿದ್ದು ಮೂಳೆಗಾಗಿ. ಮೈ ಬಿಸಿಯಾಗುವ ತೊಂದರೆ ವಿಪರೀತ ಇರುವವರನ್ನೇ ಹುಡುಕಿ ಸೇರಿಸಿರಲಿಲ್ಲ. ಬೇರೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲಿ ಐಸೊಫ್ಲೇವೋನ್‌ನಿಂದ ಮೈ ಬಿಸಿಯಾಗುವುದು ಸ್ವಲ್ಪ ಕಡಿಮೆಯಾದದ್ದೂ ಕಂಡಿದೆ. ಆದರೆ ಆ 'ಸ್ವಲ್ಪ' ಬಹಳ ಚಿಕ್ಕದು. ಈ ತೊಂದರೆಗೆ ಪ್ಲಸೀಬೊ ತಿಂದವರಲ್ಲೂ ಮೂರನೇ ಒಂದು ಭಾಗದಿಂದ ಅರ್ಧದ ತನಕ ಕಡಿಮೆಯಾಗುವುದು ಉಂಟು. "ನನಗೆ ಗುಣ ಆಯ್ತು" ಅಂತ ಒಬ್ಬರು ಪ್ರಾಮಾಣಿಕವಾಗಿ ಹೇಳುವುದಕ್ಕೂ ಮಾತ್ರೆಗೂ ಸಂಬಂಧ ಇರಲೇಬೇಕೆಂದಿಲ್ಲ. ಅವರ ಅನುಭವ ಸುಳ್ಳಲ್ಲ. ಕಾರಣ ಮಾತ್ರ ಬೇರೆ ಇರಬಹುದು. ಎರಡನೇ ಗುಂಪನ್ನು ಇಟ್ಟುಕೊಂಡು ಹೋಲಿಸದಿದ್ದರೆ ಇದು ತಿಳಿಯುವುದೇ ಇಲ್ಲ.

ಮೂಳೆಯ ವಿಷಯದಲ್ಲಿ ಈ ಅನುಮಾನಕ್ಕೆ ಜಾಗ ಕಡಿಮೆ. ಮೂಳೆ ಎಷ್ಟು ಕರಗಿದೆ ಅಂತ ಯಾರಿಗೂ ಒಳಗಿನಿಂದ ಅನ್ನಿಸುವುದಿಲ್ಲ, ಯಂತ್ರವೇ ಹೇಳಬೇಕು. ಒಬ್ಬ ಹೆಂಗಸು ಸೋಯಾ ಮಾತ್ರೆ ಶುರು ಮಾಡುತ್ತಾಳೆ, ನಿದ್ದೆ ಸ್ವಲ್ಪ ಸುಧಾರಿಸುತ್ತದೆ, ಮೂಳೆಗೂ ಕೆಲಸ ಮಾಡುತ್ತಿದೆ ಅಂತ ನಂಬುತ್ತಾಳೆ. ಡೆಕ್ಸಾ ಮಾಡಿಸುವುದಿಲ್ಲ, ಡಾಕ್ಟರ ಹತ್ತಿರ ಹೋಗುವುದಿಲ್ಲ. ಮೂಳೆ ಅತಿ ವೇಗವಾಗಿ ಕರಗುವ ವರ್ಷಗಳು ಹಾಗೇ ಕೈ ಬಿಟ್ಟು ಹೋಗುತ್ತವೆ. ಈ ಮಾತ್ರೆಗಳಿಂದ ಆಗುವ ನಿಜವಾದ ನಷ್ಟ ಇದೇ ಅನ್ನುವುದು ನನ್ನ ನಂಬಿಕೆ. ಡಬ್ಬಿಯ ಹಿಂದೆ 'ಅಡ್ಡಪರಿಣಾಮ ಇಲ್ಲ' ಅಂತ ಬರೆದಿರುವುದು ಈ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಒಂದೇ ಪ್ರಯೋಗ ನಂಬಬಹುದೆ?

ಸ್ಪೇರ್ ಒಂಟಿಯಲ್ಲ. 2010ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಪ್ರಯೋಗದಲ್ಲಿ 224 ಹೆಂಗಸರ ಮೇಲೆ ಸೋಯಾ ಐಸೊಫ್ಲೇವೋನ್ ಮಾತ್ರೆಯನ್ನು ಮೂರು ವರ್ಷ ಪರೀಕ್ಷಿಸಿದ್ದರು. ಅಲ್ಲೂ ಮೂಳೆಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಬ್ಲ್ಯಾಕ್ ಕೊಹೋಶ್ ಎಂಬ ಅಮೆರಿಕದ ಬೇರಿನ ಮದ್ದನ್ನು 351 ಹೆಂಗಸರ ಒಂದು ವರ್ಷದ ಪ್ರಯೋಗದಲ್ಲಿ ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಬಂತು. ಮೈ ಬಿಸಿಯಾಗುವ ತೊಂದರೆಗೆ ಅದೂ ಪ್ಲಸೀಬೊಗಿಂತ ಮೇಲಾಗಲಿಲ್ಲ. ಅದೇ ಪ್ರಯೋಗದ ಇನ್ನೊಂದು ಗುಂಪಿಗೆ ಗಿಡಮೂಲಿಕೆ ಮಾತ್ರೆಯ ಜೊತೆ ಸೋಯಾ ಜಾಸ್ತಿ ತಿನ್ನಲು ಹೇಳಿಕೊಟ್ಟರೂ ಪ್ರಯೋಜನವಾಗಲಿಲ್ಲ. ಅಲ್ಲಿ ಗೆದ್ದದ್ದು ಹಾರ್ಮೋನ್ ಮಾತ್ರೆ ಒಂದೇ.

ಆದರೆ ಇದಕ್ಕೆ ಎದುರಾದ ಪ್ರಯೋಗವೂ ಇದೆ. ಇಟಲಿಯಲ್ಲಿ ಮೂಳೆ ತೆಳುವಾಗಿದ್ದ 389 ಹೆಂಗಸರಿಗೆ ದಿನಕ್ಕೆ 54 ಮಿಲಿಗ್ರಾಂ ಶುದ್ಧ ಜೆನಿಸ್ಟೀನ್ ಅಥವಾ ಪ್ಲಸೀಬೊ ಎರಡು ವರ್ಷ ಕೊಟ್ಟರು. 2007ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಜೆನಿಸ್ಟೀನ್ ತಿಂದವರ ಬೆನ್ನು, ಸೊಂಟ ಎರಡರ ಸಾಂದ್ರತೆಯೂ ಏರಿತ್ತು. ಅವರು ಆಯ್ದುಕೊಂಡ ಹೆಂಗಸರು ಬೇರೆ, ವಸ್ತುವೂ ಬೇರೆ. ಹಲವು ಐಸೊಫ್ಲೇವೋನ್ ಬೆರೆತ ಮಾತ್ರೆಗೂ, ಸಕ್ಕರೆಯ ಅಂಶ ಬಿಡಿಸಿದ ಶುದ್ಧ ಜೆನಿಸ್ಟೀನ್‌ಗೂ ದೇಹದಲ್ಲಿ ಒಂದೇ ಫಲ ಇರಬೇಕೆಂದಿಲ್ಲ. ಅದರಿಂದ ಮೂಳೆ ಮುರಿತ ಕಡಿಮೆಯಾಗುತ್ತದೆ ಅಂತ ತೋರಿಸಿದರೆ ನಾನು ಖುಷಿಯಿಂದ ಒಪ್ಪುತ್ತೇನೆ. ಆದರೆ ಸಾಂದ್ರತೆ ಏರಿದ್ದಷ್ಟನ್ನೇ ಹಿಡಿದು ಎಲ್ಲ ಸೋಯಾ ಡಬ್ಬಿಗೂ ಆ ಹೆಸರು ಅಂಟಿಸುವುದು ಮೋಸ.

ಕರುಳಿನ ವ್ಯತ್ಯಾಸವೂ ಇದೆ. ಡೈಡ್ಜೀನನ್ನು ಈಕ್ವಾಲ್ ಮಾಡುವುದು ಕರುಳಿನ ಬ್ಯಾಕ್ಟೀರಿಯಾ. ಜಪಾನ್, ಕೊರಿಯಾದಲ್ಲಿ ಸುಮಾರು ಅರ್ಧಕ್ಕೂ ಹೆಚ್ಚು ಜನರಲ್ಲಿ ಅಂಥ ಬ್ಯಾಕ್ಟೀರಿಯಾ ಇರುತ್ತದೆ. ಪಶ್ಚಿಮದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಇದ್ದರೆ ಹೆಚ್ಚು. ಒಂದೇ ಮಾತ್ರೆ ಇಬ್ಬರಲ್ಲಿ ಬೇರೆ ಬೇರೆ ಕೆಲಸ ಮಾಡಲು ಇದೊಂದು ಕಾರಣ ಇರಬಹುದು. ಹಾಗಂತ ಈಕ್ವಾಲನ್ನೇ ಮಾತ್ರೆ ಮಾಡಿ ಕೊಡುವುದನ್ನೂ ಉತ್ತರ ಅಮೆರಿಕದ ಮೆನೊಪಾಸ್ ಸೊಸೈಟಿ ಎಂಬ ತಜ್ಞರ ಸಂಘ ಒಪ್ಪಿಲ್ಲ. 2023ರ ಅದರ ಹೇಳಿಕೆಯಲ್ಲಿ ಮೈ ಬಿಸಿಗೆ ಸೋಯಾ, ಈಕ್ವಾಲ್, ಗಿಡಮೂಲಿಕೆ ಮಾತ್ರೆ ಯಾವುದನ್ನೂ ಶಿಫಾರಸು ಮಾಡಿಲ್ಲ.

ನಮ್ಮ ಅಡುಗೆಮನೆಗೆ ಬಂದರೆ

ಬೀದರ್, ಬೆಳಗಾವಿ, ಧಾರವಾಡದ ಕಡೆ ಸೋಯಾ ಬೆಳೆಯುತ್ತಾರೆ. ಆದರೆ ಅದು ನಮ್ಮ ಹಳೇ ಊಟವಲ್ಲ. ಅಡುಗೆಗೆ ಬಳಸುವ ಸೋಯಾ ಎಣ್ಣೆಯಲ್ಲಿ ಐಸೊಫ್ಲೇವೋನ್ ಇಲ್ಲವೆಂದೇ ಹೇಳಬೇಕು. ನಮ್ಮಲ್ಲಿ ಮೂಳೆಗೆ ಅಂತ ಹೆಸರಾದದ್ದು ಮಂಗರವಳ್ಳಿ. ನಾಲ್ಕು ಮೂಲೆಯ ಕಾಂಡ, ಗೆಣ್ಣು ಗೆಣ್ಣಾಗಿ ಬೇಲಿಗೆ ಹಬ್ಬುವ ಬಳ್ಳಿ. ಎಳೇ ಕುಡಿಗಳನ್ನು ಕೈಗೆ ಎಣ್ಣೆ ಸವರಿಕೊಂಡು ನಾರು ತೆಗೆದು ಹೆಚ್ಚಬೇಕು, ಇಲ್ಲದಿದ್ದರೆ ಕೈ ತುರಿಸುತ್ತದೆ. ಆಮೇಲೆ ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ, ಉದ್ದಿನಬೇಳೆ, ಒಣಮೆಣಸು, ಹುಣಸೆಹಣ್ಣು ಸೇರಿಸಿ ರುಬ್ಬಿದರೆ ಬಿಸಿ ಅನ್ನಕ್ಕೆ ಒಳ್ಳೆಯ ಚಟ್ನಿ. ತುರಿಕೆಗೆ ಕಾರಣ ಅದರಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಚಟ್ನಿ ಧಾರಾಳವಾಗಿ ತಿನ್ನಿ. ಆದರೆ ಅದರ ಕ್ಯಾಪ್ಸೂಲ್ ಅನ್ನು ಮೂಳೆ ಚಿಕಿತ್ಸೆಯ ಬದಲಿಗೆ ಇಟ್ಟುಕೊಳ್ಳಬೇಡಿ. ಸ್ಪೇರ್‌ನಷ್ಟು ಕಟ್ಟುನಿಟ್ಟಿನ ಪರೀಕ್ಷೆಗೆ ಸೋಯಾ ಒಳಗಾಯಿತು, ಸೋತದ್ದು ನಮಗೆ ತಿಳಿಯಿತು. ಶತಾವರಿಗಾಗಲಿ ಮಂಗರವಳ್ಳಿಗಾಗಲಿ ಅದೇ ಅಳತೆಗೋಲು ಕೇಳುವುದು ನಮ್ಮ ಹಕ್ಕು.

ರಾಗಿಯ ಮಾತು ಬೇರೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಟ್ಟು ನಿಂತವರಿಗೆ ದಿನಕ್ಕೆ ಬೇಕಾದದ್ದು 1000ರಿಂದ 1200. ಒಂದು ದೊಡ್ಡ ಮುದ್ದೆ, ಒಂದು ಲೋಟ ಹಾಲು ಸೇರಿದರೆ ಅರ್ಧ ದಾರಿ ಬಂದಂತೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಅದರ ಕ್ಯಾಲ್ಸಿಯಂ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಬಿಸಿಲು, ನಡಿಗೆ, ಭಾರ ಎತ್ತುವ ವ್ಯಾಯಾಮ ಎಲ್ಲವೂ ಬೇಕು. ಆದರೆ ಈಸ್ಟ್ರೋಜನ್ ಇಳಿದು ಆಗುವ ವೇಗದ ನಷ್ಟವನ್ನು ಬರೀ ಕ್ಯಾಲ್ಸಿಯಂ ತಡೆಯಲಾರದು. ಕಲ್ಲು ಸಿಮೆಂಟು ತಂದು ಸುರಿದರೂ ಕೆಡವುವವರು ನಿಲ್ಲುವುದಿಲ್ಲ.

ಅವರನ್ನು ನಿಲ್ಲಿಸುವ ಔಷಧಿಗಳಿವೆ. ಅಲೆಂಡ್ರೊನೇಟ್ ವಾರಕ್ಕೊಂದು ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ ಕೂತಿರಬೇಕು ಅಥವಾ ಓಡಾಡಬೇಕು. ಕಾಫಿ ಆಮೇಲೆ. ಜೊಲೆಡ್ರೊನಿಕ್ ಆಸಿಡ್ ವರ್ಷಕ್ಕೊಮ್ಮೆ ಡ್ರಿಪ್. ಇವು ಯಾರಿಗೆ ಬೇಕು ಅನ್ನುವುದನ್ನು ಟಿ-ಸ್ಕೋರ್, ವಯಸ್ಸು, ಹಿಂದೆ ಆದ ಮುರಿತ ನೋಡಿ ಡಾಕ್ಟರು ಹೇಳುತ್ತಾರೆ. ಮೈ ಬಿಸಿಯಾಗಿ ನಿದ್ದೆಗೆಡುವವರಿಗೆ ಹಾರ್ಮೋನ್ ಚಿಕಿತ್ಸೆಯೇ ಈಗಲೂ ಅತಿ ಪರಿಣಾಮಕಾರಿ. 60 ದಾಟಿಲ್ಲದ, ಮುಟ್ಟು ನಿಂತು 10 ವರ್ಷ ಆಗಿಲ್ಲದ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟುವ ತೊಂದರೆ ಇಲ್ಲದ ಹೆಚ್ಚಿನವರಲ್ಲಿ ಅದರ ಲಾಭ ಅಪಾಯಕ್ಕಿಂತ ಜಾಸ್ತಿ. ಬೇಡ ಅನ್ನುವವರಿಗೆ ಕಡಿಮೆ ಪ್ರಮಾಣದ ಪ್ಯಾರೊಕ್ಸೆಟೀನ್, ವೆನ್ಲಫ್ಯಾಕ್ಸಿನ್, ಗ್ಯಾಬಪೆಂಟಿನ್ ಇವೆ.

ಒಂದು ಗುಂಪಿನ ಹೆಂಗಸರಿಗಾಗಿ ನನಗೆ ತುಂಬಾ ಆತಂಕ. ನಮ್ಮ ಹಳ್ಳಿಗಳಲ್ಲಿ ಮೂವತ್ತೈದು, ನಲವತ್ತಕ್ಕೇ ಗರ್ಭಕೋಶ ತೆಗೆಸಿಕೊಂಡವರಿದ್ದಾರೆ. ಜೊತೆಗೆ ಎರಡೂ ಅಂಡಾಶಯ ತೆಗೆದಿದ್ದರೆ ಈಸ್ಟ್ರೋಜನ್ ಒಂದೇ ದಿನದಲ್ಲಿ ಬಿದ್ದುಹೋಗುತ್ತದೆ. ಮೂಳೆ ಕರಗುವುದೂ ಅಂದಿನಿಂದಲೇ ಶುರು. ಇವರಿಗೆ ಬೇರೆ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಹಾರ್ಮೋನ್ ಕೊಡಬೇಕು ಅನ್ನುವುದು ವೈದ್ಯಕೀಯದಲ್ಲಿ ಒಪ್ಪಿತ ಮಾತು. ಇವರ ಕೈಗೆ ಸೋಯಾ ಮಾತ್ರೆ ಇಟ್ಟು ಕಳಿಸುವುದು ಅನ್ಯಾಯ. ಆಪರೇಷನ್ ಆದವರು ತಮ್ಮ ಡಿಸ್ಚಾರ್ಜ್ ಕಾಗದದಲ್ಲಿ ಅಂಡಾಶಯ ಉಳಿಸಿದ್ದಾರಾ ಇಲ್ಲವಾ ಅಂತ ಯಾರಿಂದಲಾದರೂ ಓದಿಸಿ ತಿಳಿದುಕೊಳ್ಳಬೇಕು.

ಈಗಾಗಲೇ ಸೋಯಾ ಮಾತ್ರೆ ತಿನ್ನುತ್ತಿರುವವರು ಎರಡು ವಿಷಯ ನೋಡಿಕೊಳ್ಳಿ. ಥೈರಾಯ್ಡ್ ಮಾತ್ರೆ ನುಂಗುವವರಲ್ಲಿ ಸೋಯಾ ಆ ಮಾತ್ರೆ ಮೈಗೆ ಹತ್ತುವುದನ್ನು ತಡೆಯಬಹುದು. ಎರಡರ ನಡುವೆ ಕೆಲವು ಗಂಟೆ ಅಂತರ ಇರಲಿ, ಟಿಎಸ್‌ಎಚ್ ಪರೀಕ್ಷೆ ತಪ್ಪಿಸಬೇಡಿ. ಸ್ತನ ಕ್ಯಾನ್ಸರ್ ಆಗಿ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರು ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಡಬ್ಬಿಯನ್ನೇ ತೋರಿಸಿ ಕೇಳಿ. ಊಟದಲ್ಲಿನ ಸೋಯಾಗೂ ಮಾತ್ರೆಯಲ್ಲಿನ ಸಾಂದ್ರ ಐಸೊಫ್ಲೇವೋನ್‌ಗೂ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಿದೆ. ಹೋಗುವಾಗ ಹಳೆಯ ಡೆಕ್ಸಾ ರಿಪೋರ್ಟ್ ಇದ್ದರೆ ತೆಗೆದುಕೊಂಡು ಹೋಗಿ. ಹೊಸದನ್ನು ಆದಷ್ಟು ಅದೇ ಯಂತ್ರದಲ್ಲಿ ಮಾಡಿಸಿದರೆ ಎರಡು ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.